ಮೂಗಿನ ಮೇಲಿನ ಪೆನ್ಸಿಲ್ ಗೆರೆ

ಅವರ ಬಲಗೈಯ ನಡುಬೆರಳಿನ ಬದಿ ಯಾವಾಗಲೂ ಸೀಸದ ಹೊಳಪಿನಿಂದ ಕಪ್ಪಗಿರುತ್ತಿತ್ತು. ಊಟಕ್ಕೆ ಮುಂಚೆ ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಪೆನ್ಸಿಲ್ಲಿನ ಮರವನ್ನು ಒಂದು ಇಂಚು ಕೆತ್ತಿ, ಒಳಗಿನ ಸೀಸವನ್ನು ಮರಳು ಕಾಗದಕ್ಕೆ ಉಜ್ಜಿ ಸೂಜಿಯಷ್ಟು ಚೂಪು ಮಾಡಿ, ಕೆಳಗೆ ಬಲ್ಬು ಉರಿಯುವ ಗಾಜಿನ ಮೇಜಿನ ಮೇಲೆ ನೆಗೆಟಿವ್ ಇಟ್ಟು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದರೊಳಗಿನ ಮುಖ ತಿದ್ದಲು ಅವರು ಕೂತರೆಂದರೆ ಅಂಗಡಿಗೆ ಬಂದವರು ಕಾಯಬೇಕಿತ್ತು. ಅರಬ್ಬಿಯಾದರೂ ಸರಿ, ನಮ್ಮೂರಿನವನಾದರೂ ಸರಿ.

ಕುವೈತಿನ ಫಹಾಹೀಲ್ ಪೇಟೆಯಲ್ಲಿ ಅವರದೊಂದು ಸಣ್ಣ ಫೋಟೋ ಸ್ಟುಡಿಯೋ. ಬೋರ್ಡಿನ ಮೇಲೆ ಕಫೀಲನ, ಅಂದರೆ ಲೈಸೆನ್ಸು ಕೊಡಿಸಿದ ಅರಬ್ಬಿಯ ಹೆಸರು, ಒಳಗೆ ಇವರು. ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಮ್ಮ ಕರಾವಳಿಯವರೆಲ್ಲ, ತುಳುವರಾಗಲಿ ಬ್ಯಾರಿಗಳಾಗಲಿ, ಅವರನ್ನು ಕೊಂಕಣಿಯಲ್ಲಿ ಮಾವ ಎನ್ನುವ ಹಾಗೆ ಮಾಮ್ ಎಂದೇ ಕರೆಯುತ್ತಿದ್ದೆವು. ಪಾಸ್‌ಪೋರ್ಟಿನ ಪಟ, ಇಕಾಮಾ ಎನ್ನುವ ವಾಸದ ಪರವಾನಗಿಯ ಪಟ, ಊರಿಗೆ ಕಳಿಸುವ ಪಟ, ಹುಡುಗಿಯ ಮನೆಗೆ ಕಳಿಸುವ ಪಟ, ಎಲ್ಲದಕ್ಕೂ ಮಾಮ್. ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಕೆಳಗೆ, ಕಣ್ಣು ಮೇಲೆ, ಉಸಿರು ಹಿಡಿ" ಎನ್ನುತ್ತಿದ್ದರು. ಅವರು ಹಿಡಿಸಿದ ಉಸಿರನ್ನು ಬಿಡು ಎನ್ನುವುದಕ್ಕೆ ಮರೆಯುತ್ತಾರೆಂದು ನಾವು ತಮಾಷೆ ಮಾಡುತ್ತಿದ್ದೆವು.

ಅವರ ಪೆನ್ಸಿಲ್ಲಿಗೆ ಸಿಕ್ಕಿದ ಯಾರ ಮುಖವೂ ಇದ್ದ ಹಾಗೆ ಉಳಿಯುತ್ತಿರಲಿಲ್ಲ. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಒಳಗೆ ಹೋದ ಕೆನ್ನೆ ಎಲ್ಲ ಮಾಯ. "ಇಲ್ಲಿನ ಬಿಸಿಲು ಕೊಟ್ಟದ್ದನ್ನು ನಾನು ತೆಗೀತೇನೆ. ಊರಲ್ಲಿ ನಿನ್ನ ತಾಯಿ ನೋಡಿ ಎರಡು ತುತ್ತು ಜಾಸ್ತಿ ಉಣ್ಣಲಿ" ಎನ್ನುತ್ತಿದ್ದರು. ರಜೆಯಲ್ಲಿ ಊರಿಗೆ ಹೋದವನನ್ನು ಕಂಡು ತಾಯಿ, "ಪಟದಲ್ಲಿ ದಪ್ಪ ಇದ್ದಿಯಲ್ಲ ಮಗಾ, ವಿಮಾನದಲ್ಲಿ ಇಳಿದು ಹೋಯ್ತಾ?" ಎಂದು ಕೇಳಿದ್ದೂ ಉಂಟು.

ನನ್ನದೂ ಒಂದು ಪಟ ಹೀಗೆ ತೆಗೆದಿದ್ದರು, ಮದುವೆಯ ಮಾತುಕತೆಗೆಂದು. ಹಿಂದೆ ಬಿಳಿ ಬಟ್ಟೆ, ನಾನು ಅರ್ಧ ಬದಿಗೆ ತಿರುಗಿ ಕೂತದ್ದು. ನನಗೆ ಅಪ್ಪನ ಮೂಗು, ನಡುವೆ ಒಂದು ಉಬ್ಬು. ಆ ಪಟದಲ್ಲಿ ಉಬ್ಬು ಇರಲಿಲ್ಲ. ಅದನ್ನು ನಾನು ಗಮನಿಸಲೇ ಇಲ್ಲ, ಚೆಂದ ಬಂದಿದೆ ಎಂದುಕೊಂಡೆ ಅಷ್ಟೆ. ಹುಡುಗಿಯ ಮನೆಯವರು ಅದಕ್ಕೂ ಒಪ್ಪಲಿಲ್ಲ ಅನ್ನುವುದು ಬೇರೆ ಮಾತು.

ಎಂಬತ್ತೊಂಬತ್ತರ ಚಳಿಗಾಲದ ಒಂದು ಶುಕ್ರವಾರ, ಅಬು ಹಲೀಫಾದಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ವಾಲಿಬಾಲ್ ಆಡುವಾಗ ಜತೆಯವನ ಮೊಣಕೈ ತಾಗಿ ನನ್ನ ಮೂಗು ಮುರಿಯಿತು. ಒಂದು ಖಾಸಗಿ ಕ್ಲಿನಿಕ್ಕಿನ ಡಾಕ್ಟರು, "ಮೊದಲು ಹೇಗಿತ್ತು? ಹಳೆ ಪಟ ಇದ್ದರೆ ಕೊಡು" ಎಂದರು. ನನ್ನಲ್ಲಿದ್ದ ಒಳ್ಳೆಯ ಪಟ ಅದೊಂದೇ. ಅದನ್ನು ನೋಡಿ ಅವರು, ಉಬ್ಬು ಪೆಟ್ಟಿನಿಂದ ಎದ್ದದ್ದೆಂದು ತಿಳಿದು ಅರೆದು ತೆಗೆದರು. ಅರೆದದ್ದು ಹೆಚ್ಚಾಯಿತು. ಊತ ಇಳಿದ ಮೇಲೆ ನೋಡಿದರೆ ಮೂಗಿನ ನಡುವೆ ಗುಂಡಿ. ಉಸಿರು ಎಳೆದರೆ ಬಲಗಡೆಯ ಹೊಳ್ಳೆ ಒದ್ದೆ ಕಾಗದದ ಹಾಗೆ ಒಳಗೆ ಅಂಟಿಕೊಳ್ಳುತ್ತಿತ್ತು. ಬಾಯಿ ತೆರೆದೇ ಇರಬೇಕು. "ಗಣಪತಿ ಮಾಡ್ಲಿಕ್ಕೆ ಹೋಗಿ ಅವನ ಅಪ್ಪನನ್ನು ಮಾಡಿದ್ದಾರೆ ಮಾರಾಯ" ಎಂದು ರೂಮಿನವರು ನಕ್ಕರು. ಮೀನಾ ಅಲ್ ಅಹ್ಮದಿಯ ಎಣ್ಣೆ ಬಂದರಿನ ಕಡೆ ಕೆಲಸಕ್ಕೆ ಹೋದರೆ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಉಬ್ಬಸ.

ಆರು ತಿಂಗಳು ಕಳೆದ ಮೇಲೆ ಇನ್ನೊಂದು ಆಸ್ಪತ್ರೆಯ ಈಜಿಪ್ಟಿನ ಡಾಕ್ಟರು ನೋಡಿ, ಕಿವಿಯ ಮೃದ್ವಸ್ಥಿ ತೆಗೆದು ಮೂಗನ್ನು ಮತ್ತೆ ಎತ್ತಿ ನಿಲ್ಲಿಸಬಹುದೆಂದರು. ಅವರೂ ಕೇಳಿದ್ದು ಹಳೆ ಪಟವನ್ನೇ. ಮೊದಲಿನ ಡಾಕ್ಟರು ನನ್ನ ಪಟವನ್ನು ಕಳೆದಿದ್ದರು. ಇನ್ನೊಂದು ಪ್ರತಿ ಹಾಕಿಸೋಣವೆಂದು ಮಾಮ್‌ನ ಅಂಗಡಿಗೆ ಹೋದೆ.

"ಎಂತಕ್ಕೆ ಅದು ಈಗ? ಪುನಃ ಹುಡುಗಿಯಾ?"

"ಅಲ್ಲ, ಡಾಕ್ಟರಿಗೆ. ಮೊದಲಿನವರಿಗೂ ಅದನ್ನೇ ಕೊಟ್ಟದ್ದು."

ಮಾಮ್ ಕಣ್ಣಿನ ಭೂತಗನ್ನಡಿ ತೆಗೆದರು. "ಅದನ್ನು ನೋಡಿ ಆಪರೇಷನ್ ಮಾಡಿದ್ದಾ?" ಎಂದು ಕೇಳಿದರು. ಹೌದೆಂದೆ. ನನ್ನ ಮೂಗನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಶುಕ್ರವಾರ ಬಾ" ಎಂದರು, ಅಷ್ಟೆ.

ಶುಕ್ರವಾರ ಹೋದಾಗ ಶಟರು ಅರ್ಧ ಎಳೆದಿತ್ತು. ಚರ್ಚಿನ ಪೂಜೆಗೆ ಹೋಗಿ ಬಂದ ಇಸ್ತ್ರಿಯ ಅಂಗಿಯಲ್ಲೇ ಕೂತಿದ್ದರು. ಮೇಜಿನ ಮೇಲೆ ನನ್ನ ನೆಗೆಟಿವ್, ಹತ್ತಿ, ಟರ್ಪೆಂಟೈನ್ ಶೀಶೆ. ಹತ್ತಿಯನ್ನು ಅದ್ದಿ ನೆಗೆಟಿವ್ ಮೇಲೆ ಮೆಲ್ಲಗೆ ಒರೆಸಿದರು. ಹತ್ತಿಗೆ ಕಪ್ಪು ಹತ್ತಿತು. "ನೋಡು, ಇದು ನನ್ನ ಪೆನ್ಸಿಲು. ನೆಗೆಟಿವಿನಲ್ಲಿ ಕಪ್ಪು ಮಾಡಿದ್ದು ಪಟದಲ್ಲಿ ಬಿಳಿಯಾಗ್ತದೆ. ಉಬ್ಬಿನ ಮೇಲೆ ತುಂಬಿಸಿ ಹಿಂದಿನ ಬಿಳಿಗೆ ಸೇರಿಸಿದ್ದು. ಎರಡು ನಿಮಿಷದ ಕೆಲಸ ಮಾರಾಯ, ಹುಡುಗಿ ಮನೆಯವರು ಒಪ್ಪಲಿ ಅಂತ." ಕತ್ತಲ ಕೋಣೆಗೆ ಕರೆದುಕೊಂಡು ಹೋಗಿ ಪ್ರತಿ ಹಾಕಿದರು. ತಟ್ಟೆಯ ನೀರಿನಲ್ಲಿ ಕಾಗದದ ಮೇಲೆ ನನ್ನ ಮುಖ ಮೂಡಿತು, ಅಪ್ಪನ ಮೂಗಿನೊಂದಿಗೆ.

"ಬೆಳಿಗ್ಗೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿ ಬಂದೆ. ಅವರು ಕ್ಷಮಿಸಿದರು" ಎಂದರು ಮಾಮ್. ಪಟವನ್ನು ನೀರಿನಿಂದ ಎತ್ತುತ್ತಾ, "ಆದರೆ ಮೂಗು ಪಾದ್ರಿಗಳದ್ದಲ್ಲವಲ್ಲ" ಎಂದರು.

ನನಗೆ ಸಿಟ್ಟು ಬಂದಿತ್ತು. ಒದ್ದೆ ಪಟವನ್ನು ಹಿಡಿದುಕೊಂಡು ಹೊರಗೆ ಬಂದೆ. ಆ ದಿನದಿಂದ ಮಾಮ್ ಪೆನ್ಸಿಲು ಮುಟ್ಟಲಿಲ್ಲ. ಗಿರಾಕಿಗಳು ತಮ್ಮ ನಿಜವಾದ ಮುಖಗಳನ್ನು ನೋಡಿ, ಮಾಮ್‌ಗೆ ವಯಸ್ಸಾಯಿತು, ಕೈ ಹೋಯಿತು ಎಂದು ದೂರಿದರು.

ಜುಲೈಯಲ್ಲಿ ಎರಡನೆಯ ಆಪರೇಷನ್ ಆಯಿತು. ಮಾಮ್ ಮುಸುಂಬಿ ಹಿಡಿದುಕೊಂಡು ನೋಡಲು ಬಂದರು. ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು, ಅಷ್ಟು ಕಾಲ ಮೂಗಿಗೆ ಸ್ಪರ್ಶವೂ ತಿಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಿದೆ. "ಒಂದು ವರ್ಷ ಆಗಲಿ. ಸೈಡಿನಿಂದ ಒಂದು ಪಟ ತೆಗೀತೇನೆ. ಸರಿಯಾದ್ದನ್ನು ನನ್ನ ಕಣ್ಣಲ್ಲಿ ನೋಡುವವರೆಗೆ ನನಗೆ ಸಮಾಧಾನ ಇಲ್ಲ" ಎಂದರು. ನಾನು ಗೋಡೆಯ ಕಡೆ ನೋಡುತ್ತಾ ಮಲಗಿದ್ದೆ.

ಮೂಗಿನ ಪ್ಲಾಸ್ಟರು ತೆಗೆದು ಮೂರು ದಿನಕ್ಕೆ ಇರಾಕಿನ ಸೈನಿಕರು ಬಂದರು. ಆ ದಿನಗಳ ಬಗ್ಗೆ ಎಲ್ಲರೂ ಹೇಳಿದ್ದಾರೆ, ನನಗೆ ಹೇಳಲು ಹೆಚ್ಚೇನೂ ಇಲ್ಲ. ಹೆದರಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಕುಬ್ಬೂಸ್ ರೊಟ್ಟಿಗೆ ಸಾಲು ನಿಲ್ಲುವುದು, ಮನೆಗೆ ಬಂದು ಕೂರುವುದು. ಮಾಮ್‌ನ ಸ್ಟುಡಿಯೋದಿಂದ ಕ್ಯಾಮೆರಾ, ದೀಪ, ಗಡಿಯಾರ ಎಲ್ಲ ಸೈನಿಕರು ಹೊತ್ತುಕೊಂಡು ಹೋದರೆಂದು ಕೇಳಿ ಹೋದೆ. ಅವರು ಖಾಲಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. "ಪೆನ್ಸಿಲು ಮಾತ್ರ ಬಿಟ್ಟು ಹೋಗಿದ್ದಾರೆ ನೋಡು" ಎಂದರು. ಕೂಡಲೇ, "ಉಸಿರು ಹೋಗ್ತದಾ?" ಎಂದು ಕೇಳಿದರು. ಹೋಗುತ್ತದೆ ಎಂದೆ. ಅದು ನಿಜವಾಗಿತ್ತು.

ಸೆಪ್ಟೆಂಬರಿನಲ್ಲಿ ಮಾಮ್, ನಾನು ಒಂದೇ ಬಸ್ಸಿನಲ್ಲಿ ಊರಿಗೆ ಹೊರಟೆವು. ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನಿನ ಮರಳು. ದಾರಿಯ ಒಂದು ತಪಾಸಣೆಯಲ್ಲಿ ಸೈನಿಕನೊಬ್ಬ ನನ್ನ ಪಾಸ್‌ಪೋರ್ಟ್ ತೆರೆದು ಪಟವನ್ನೂ ನನ್ನ ಊದಿದ ಮೂಗನ್ನೂ ನೋಡಿದ. ಆ ಪಟವೂ ಮಾಮ್ ತೆಗೆದದ್ದೇ, ಅದರಲ್ಲೂ ನನ್ನ ಮೂಗು ಸ್ಕೇಲು ಹಿಡಿದು ಎಳೆದ ಗೆರೆ. ಇದು ನೀನಲ್ಲ, ಇಳಿ ಎಂದ. ನಾನು ಏಳಲು ಹೊರಟೆ. ಇಳಿಸಿದವರು ಏನಾದರೆಂದು ನಮಗೆ ಗೊತ್ತಾಗುತ್ತಿರಲಿಲ್ಲ, ಆದರೂ ನನಗೆ ಏನೂ ಅನ್ನಿಸಲಿಲ್ಲ. ಪಕ್ಕದಲ್ಲಿದ್ದ ಮಾಮ್ ನನ್ನ ಭುಜ ಒತ್ತಿ ಕೂರಿಸಿ, ತಾವೇ ಎದ್ದು ನಿಂತರು. "ಸೂರಾ ಗಲತ್. ಅನಾ ಗಲತ್" ಎಂದರು, ಪಟ ತಪ್ಪು, ತಪ್ಪು ನನ್ನದು ಎಂಬ ಅರ್ಥದಲ್ಲಿ. ಎದೆ ಬಡಿದುಕೊಂಡು, ಗಾಳಿಯಲ್ಲಿ ಪೆನ್ಸಿಲ್ ಹಿಡಿದು ಬರೆದು ತೋರಿಸಿ, ಮತ್ತೆ ಮತ್ತೆ ಅದನ್ನೇ ಹೇಳಿದರು. ಸೈನಿಕನಿಗೆ ಏನು ತಿಳಿಯಿತೋ, ಪಾಸ್‌ಪೋರ್ಟನ್ನು ನನ್ನ ತೊಡೆಯ ಮೇಲೆ ಎಸೆದು "ಯಲ್ಲಾ" ಎಂದು ಬಸ್ಸಿಗೆ ಹೊರಡಲು ಕೈಬೀಸಿ ಹೋದ. ಮಾಮ್ ಕೂತರು. ನನ್ನ ಸಿಟ್ಟು ಆಗಲೇ ಹೋಗಿಯಾಗಿತ್ತು. ಅದನ್ನು ಅವರಿಗೆ ಹೇಳಬೇಕಿತ್ತು. ಕಿಟಕಿಯಿಂದ ಹೊರಗೆ ನೋಡಿದೆ.

ಮೂಲ್ಕಿಯ ಮನೆಗೆ ಬಂದ ಮೇಲೆ ಆರು ತಿಂಗಳು ಜಗಲಿಯಲ್ಲಿ ಕೂತೇ ಕಳೆದೆ. ಅಮ್ಮ ಬಡಿಸಿದ್ದನ್ನು ಉಂಡೆ. ಮಾಮ್‌ನಿಂದ ಮೂರು ಕಾಗದ ಬಂದವು, ಕಾರ್ಕಳದಿಂದ. ಮೂರರಲ್ಲೂ ಒಂದೇ ಮಾತು: "ಮೂಗು ಹೇಗುಂಟು? ಸೈಡಿನಿಂದ ಒಂದು ಪಟ ತೆಗೆಸಿ ಕಳಿಸು." ಮೂರನೆಯದು ಬಂದ ಮೇಲೆ ಪೇಟೆಯ ಸ್ಟುಡಿಯೋದಲ್ಲಿ ಕೂತು ಬಂದೆ. ಕೊಟ್ಟ ಲಕೋಟೆಯಿಂದ ಒಂದು ಪ್ರತಿಯನ್ನು ನೋಡದೆಯೇ ಎಳೆದು ಟಪಾಲಿಗೆ ಹಾಕಿದೆ. ಒಂದು ವಾರಕ್ಕೆ ಉತ್ತರ ಬಂತು.

"ಪಟ ಸಿಕ್ಕಿತು. ಭೂತಗನ್ನಡಿಯಲ್ಲಿ ನೋಡಿದೆ. ಪೆನ್ಸಿಲ್ ಕೆಲಸ ಅಡ್ಡಿಯಿಲ್ಲ, ಸ್ವಲ್ಪ ದಪ್ಪವಾಯಿತು. ಮೂಗು ಮಾತ್ರ ಕಾಣಲಿಲ್ಲ. ನೀನೇ ಬಾ."

ಉಳಿದ ಪ್ರತಿಯನ್ನು ತೆಗೆದು ನೋಡಿದೆ. ಪೇಟೆಯವರು ಉಬ್ಬನ್ನು ನೀಟಾಗಿ ತೆಗೆದಿದ್ದರು. ನಗು ಬರಬೇಕಿತ್ತು, ಬರಲಿಲ್ಲ. ಕಾರ್ಕಳಕ್ಕೆ ಒಂದೂವರೆ ಗಂಟೆಯ ಬಸ್ಸು. ನಾಳೆ ಹೋಗೋಣವೆಂದು ಮತ್ತೆ ಮೂರು ತಿಂಗಳು ಕೂತೆ.

ತೊಂಬತ್ತೊಂದರ ಜೂನಿನಲ್ಲಿ ಕುವೈತಿನ ಕಂಪೆನಿಯಿಂದ ಮತ್ತೆ ಕೆಲಸಕ್ಕೆ ಕರೆ ಬಂತು. ಹೊರಡುವ ಮುಂಚಿನ ವಾರ ಕೊನೆಗೂ ಹೋದೆ. ಮಾಮ್ ಮಂಚದ ಮೇಲಿದ್ದರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು, ಕಣ್ಣುಗಳೂ ಅದರ ಜತೆ ಹೋಗಿದ್ದವು. "ನೀನು ಬಂದಾಗ ಕಣ್ಣಿಲ್ಲ ನೋಡು" ಎಂದರು. ದೂರಿನ ಧ್ವನಿ ಅಲ್ಲ. ಅವರ ಹೆಂಡತಿ ಸ್ಟೂಲು ತಂದು ಹಾಕಿದರು.

"ಕೂತೆಯಾ? ಗಲ್ಲ ಕೆಳಗೆ."

ಗಲ್ಲ ಕೆಳಗೆ ಮಾಡಿದೆ.

"ಬಾಯಿ ಮುಚ್ಚು. ಉಸಿರು ಬಿಡು, ಎಳೆ. ಜೋರು ಎಳೆ."

ಎಳೆದೆ. ಕಿವಿಯನ್ನು ನನ್ನ ಮುಖದ ಹತ್ತಿರ ತಂದು ಕೇಳಿದರು. ಆಮೇಲೆ ಕೈ ಚಾಚಿ ನನ್ನ ಹುಬ್ಬುಗಳ ನಡುವೆ ಬೆರಳಿಟ್ಟರು. ಆ ನಡುಬೆರಳ ಬದಿ ಈಗ ಬೆಳ್ಳಗಿತ್ತು, ಸೀಸದ ಗುರುತೇ ಇರಲಿಲ್ಲ. ಬೆರಳು ಕೆಳಗೆ ಇಳಿಯಿತು. ಮೊದಲು ಅದು ತಾಗುವುದು ನನಗೆ ತಿಳಿಯಿತು. ಉಬ್ಬಿನಿಂದಾಚೆ ಅದು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು ಅಷ್ಟೆ, ನನಗೆ ತಿಳಿಯುತ್ತಿರಲಿಲ್ಲ. ಬೆರಳು ಉಬ್ಬಿನ ತನಕ ಹಿಂದೆ ಹೋಗಿ, ಮತ್ತೆ ಇಳಿದು, ಮೂಗಿನ ತುದಿಯ ಮೇಲೆ ನಿಂತಿತು.

"ಉಂಟು" ಎಂದರು ಮಾಮ್. "ನಿನ್ನ ಅಪ್ಪನದ್ದೇ." ತುದಿಯನ್ನು ಸ್ವಲ್ಪ ಒತ್ತಿದರು. "ಒಂದು ವರ್ಷ ಆಗ್ತಾ ಬಂತಲ್ಲ. ಈಗ ತಾಗ್ತದಾ?"

"ತಾಗ್ತದೆ ಮಾಮ್" ಎಂದೆ.

"ಹಾಗಾದ್ರೆ ಖಲಾಸ್" ಎಂದು ಕೈ ತೆಗೆದು, ಆ ಕಡೆ ತಿರುಗಿ ಮಲಗಿದರು.

ಅವರು ತೀರಿಕೊಂಡ ಸುದ್ದಿ ನನಗೆ ಅಬು ಹಲೀಫಾದಲ್ಲಿ ಸಿಕ್ಕಿತು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು, ಮಧ್ಯಾಹ್ನವೇ ದೀಪ ಹಾಕಿಕೊಂಡು ಅವರ ಹೆಂಡತಿಯ ಕಾಗದ ಓದಿದೆ. ತಾಗ್ತದೆ ಎಂದು ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎನ್ನುವುದು ನಿಜವಾಗಿತ್ತು, ಬಸ್ಸಿನಿಂದಲೇ ನಿಜವಾಗಿತ್ತು, ಅದನ್ನು ಹೇಳಲಿಲ್ಲವಲ್ಲ ಎಂದು ಆ ದಿನ ಮೊದಲ ಸಲ ದುಃಖವಾಯಿತು. ಕಾಗದ ಮಡಚಿಟ್ಟು ಕರವಸ್ತ್ರದಿಂದ ಮುಖ ಒರೆಸಿಕೊಂಡೆ. ಹೊಗೆಯ ಕಪ್ಪು ಬಟ್ಟೆಗೆ ಹತ್ತಿತ್ತು. ಒರೆಸಿದ್ದು ಕೆನ್ನೆಗೆ ತಿಳಿದಿತ್ತು, ಮೂಗಿಗೆ ತಿಳಿದಿರಲಿಲ್ಲ. ಇವತ್ತಿಗೂ ತಿಳಿಯುವುದಿಲ್ಲ.