ಭಾವನ ಎರಡನೇ ಅಲೆ

ನಮ್ಮ ಭಾವನಿಗೆ ಐವತ್ತೈದು ವರ್ಷ. ಬಸ್ ಡಿಪೋದಲ್ಲಿ ಕಂಟ್ರೋಲರ್. ಕೊರಳಲ್ಲೊಂದು ಸೀಟಿ, ಕೈಯಲ್ಲೊಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ವೇಳಾಪಟ್ಟಿ. ಆರು ನಲವತ್ತರ ಬಸ್ಸು ಆರು ನಲವತ್ತೊಂದಕ್ಕೆ ಹೊರಟರೆ ಆ ಡ್ರೈವರನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಯಾರಾದರೂ ಎರಡೂ ಕೈಯಲ್ಲಿ ಚೀಲ ಹಿಡಿದು ಏದುಸಿರು ಬಿಡುತ್ತ ಓಡಿ ಬರುತ್ತಿದ್ದರೂ ಇವರ ಮನಸ್ಸು ಕರಗುವುದಿಲ್ಲ. ‘ಹಿಂದೆ ಇನ್ನೊಂದು ಬರ್ತಿದೆ, ಖಾಲಿ ಇದೆ’ ಎಂದು ಸೀಟಿ ಊದಿಯೇಬಿಡುತ್ತಾರೆ. ಡ್ರೈವರುಗಳು ಇವರಿಗೆ ಸೀಟಿ ಸಾಹೇಬರು ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಇದೇ ಮನುಷ್ಯ ಭಾನುವಾರ ಸಮುದ್ರಕ್ಕೆ ಇಳಿದರೆಂದರೆ ಗಡಿಯಾರವೆಂಬ ವಸ್ತು ಪ್ರಪಂಚದಲ್ಲಿದೆ ಎನ್ನುವುದನ್ನೇ ಮರೆಯುತ್ತಾರೆ. ಅಲೆಯ ಮೇಲೆ ಕಯಾಕ್ ಓಡಿಸುವ ಪಂದ್ಯಗಳಿಗೆ ಹೋಗುವುದು ಇವರ ಹವ್ಯಾಸ. ಹವ್ಯಾಸ ಅಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ, ಹುಚ್ಚು ಅನ್ನಬೇಕಂತೆ. ಕಾಲು ಚಾಚಿ ಕೂರುವಷ್ಟೇ ಜಾಗವಿರುವ ಸಪೂರ ದೋಣಿ, ಎರಡು ತುದಿಗೂ ಅಲಗಿರುವ ಒಂದು ಹುಟ್ಟು, ತಲೆಗೆ ಹೆಲ್ಮೆಟ್ಟು, ಒಳಗೆ ನೀರು ನುಗ್ಗದಂತೆ ಸೊಂಟಕ್ಕೊಂದು ರಬ್ಬರಿನ ಲಂಗ. ಹೊಟ್ಟೆ ಬಂದ ಗಂಡಸೊಬ್ಬ ಆ ಲಂಗ ತೊಟ್ಟು ಮರಳಿನ ಮೇಲೆ ನಡೆಯುವುದನ್ನು ನೋಡಿ ನಗದಿರುವುದಕ್ಕೆ ನನಗೆ ಒಂದೆರಡು ವರ್ಷದ ಅಭ್ಯಾಸ ಬೇಕಾಯಿತು.

ನಾನು ಅಕ್ಕನ ತಮ್ಮ. ಕಾರುಗಳ ಡೆಂಟಿಂಗ್, ಪೇಂಟಿಂಗ್ ಗ್ಯಾರೇಜು ನನ್ನದು. ಈ ದೋಣಿಯ ಒಂದು ತುದಿ ಭಾವನ ಹೆಗಲ ಮೇಲಿದ್ದರೆ ಇನ್ನೊಂದು ತುದಿ ಇಪ್ಪತ್ತಾರು ವರ್ಷದಿಂದ ನನ್ನ ಹೆಗಲ ಮೇಲಿದೆ. ಅದಕ್ಕೆ ಕಾರಣ ನಾನೇ, ಯಾರನ್ನೂ ದೂರುವಂತಿಲ್ಲ. ಎಲ್ಲಿಂದಲೋ ಒಡಕು ಕಯಾಕ್ ಒಂದನ್ನು ಕೊಂಡು ರಿಪೇರಿಗೆಂದು ಊರೆಲ್ಲ ಸುತ್ತಿ ಬೈಸಿಕೊಂಡು ಬಂದ, ಆಗಿನ್ನೂ ಭಾವನಾಗಿರದ ಇವರನ್ನು ಗ್ಯಾರೇಜಿನೊಳಕ್ಕೆ ಬಿಟ್ಟುಕೊಂಡವನು ನಾನು. ಬಿರುಕಿಗೆ ಫೈಬರ್ ಬಟ್ಟೆ ಅಂಟಿಸಿ, ಉಜ್ಜಿ, ಬಣ್ಣದ ಅಡಿಗೆ ಬೂದು ಪ್ರೈಮರ್ ಹೊಡೆಯುವಷ್ಟರಲ್ಲಿ ಎರಡು ದಿನ ಆಯಿತು. ‘ಯಾವ ಬಣ್ಣ ಹೊಡೀಲಿ?’ ಎಂದು ಕೇಳಿದೆ. ನೀಲಿ ಎಂದರು. ಯಾವ ನೀಲಿ ಎಂದು ಬಣ್ಣಗಳ ಪುಸ್ತಕ ತೋರಿಸಿದೆ. ಅಲ್ಲಿಗೆ ನನ್ನ ಕತೆ ಮುಗಿಯಿತು. ದಿನಾ ಸಂಜೆ ಬಂದು ಹಾಳೆ ತಿರುವುತ್ತಾರೆ, ‘ಇದಕ್ಕಿಂತ ಒಳ್ಳೆ ನೀಲಿ ಇದ್ದೇ ಇರುತ್ತೆ’ ಎಂದು ಎದ್ದು ಹೋಗುತ್ತಾರೆ. ಅಕ್ಕ ಆಗ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ನನ್ನ ಸ್ಕೂಟರಿನಲ್ಲಿ ಮನೆಗೆ ಹೋಗಲು ಗ್ಯಾರೇಜಿಗೆ ಬರುತ್ತಿದ್ದಳು. ನೀಲಿ ಸಿಗಲಿಲ್ಲ, ಅಕ್ಕ ಸಿಕ್ಕಳು. ಆ ದೋಣಿಗೂ ಆಮೇಲೆ ಬಂದ ನಾಲ್ಕು ದೋಣಿಗಳಿಗೂ ಬೂದು ಪ್ರೈಮರೇ ಗತಿಯಾಯಿತು.

ಮದುವೆಯೂ ಹಾಗೆಯೇ. ಒಂದೂವರೆ ವರ್ಷ ಕಾಫಿ ಕುಡಿದರು, ಮಾತಾಡಿದರು, ವಿಷಯಕ್ಕೆ ಮಾತ್ರ ಬರಲಿಲ್ಲ. ಕೊನೆಗೆ ಅಕ್ಕನೇ ಗ್ಯಾರೇಜಿನಲ್ಲಿ, ನನ್ನೆದುರಿಗೇ ಕೇಳಿದಳು.

‘ಏನ್ರೀ, ನನ್ನ ಮದುವೆ ಆಗ್ತೀರೋ ಇಲ್ವೋ?’

‘ಕೇಳ್ಬೇಕು ಅಂತಾನೇ ಇದ್ದೆ,’ ಎಂದರು ಭಾವ. ‘ಒಂದೊಳ್ಳೆ ದಿನ ನೋಡಿ...’

‘ಇವತ್ತು ಏನಾಗಿದೆ?’ ಎಂದಳು ಅಕ್ಕ. ಅವಳದು ದಿನಾ ನೂರು ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ. ಸಿಕ್ಕಿದ ನರಕ್ಕೆ ಚುಚ್ಚಿ ಮುಂದಿನವರನ್ನು ಕರೆಯಬೇಕು, ಇನ್ನೂ ಒಳ್ಳೆ ನರ ಸಿಗಲಿ ಅಂತ ಕಾಯುತ್ತ ಕೂತರೆ ಪೇಷೆಂಟು ಎದ್ದು ಮನೆಗೆ ಹೋಗುತ್ತಾನೆ ಎನ್ನುತ್ತಾಳೆ. ಅಂಥವಳು ಇಂಥವರನ್ನು ಕಟ್ಟಿಕೊಂಡಳು. ಅವರ ಮೂರನೇ ಮಹಡಿಯ ಮನೆಯ ಕಿಟಕಿಗಳಿಗೆ ಎರಡು ವರ್ಷ ಪರದೆಯ ಬದಲು ನ್ಯೂಸ್‌ಪೇಪರ್ ಅಂಟಿಸಿತ್ತು. ಮಗಳು ಹುಟ್ಟಿ ಹದಿನಾಲ್ಕು ತಿಂಗಳು ಪಾಪು ಎಂದೇ ಕರೆಯುತ್ತಿದ್ದರು, ಇದಕ್ಕಿಂತ ಚೆಂದದ ಹೆಸರು ಹೊಳೆಯಬಹುದು ಎಂದು. ಅಕ್ಕ ಒಂದು ದಿನ ರಜೆ ಹಾಕಿ, ಒಬ್ಬಳೇ ಜನನ ನೋಂದಣಿ ಕಚೇರಿಗೆ ಹೋಗಿ ತನಗೆ ತೋಚಿದ ಹೆಸರು ಬರೆಸಿ ಬಂದಳು.

ಇಷ್ಟು ಹೇಳಿದ ಮೇಲೆ ಸಮುದ್ರದಲ್ಲಿ ಭಾವ ಏನು ಮಾಡುತ್ತಾರೆ ಎಂದು ನೀವೇ ಊಹಿಸಬಹುದು. ಪಂದ್ಯದ ನಿಯಮ ಬಹಳ ಸುಲಭ. ಇಪ್ಪತ್ತು ನಿಮಿಷ, ನಾಲ್ಕು ಜನ, ನಾಲ್ಕು ಬಣ್ಣದ ಅಂಗಿ. ಎಷ್ಟು ಅಲೆ ಬೇಕಾದರೂ ಹಿಡಿಯಬಹುದು. ದಡದಲ್ಲಿ ಕೂತ ತೀರ್ಪುಗಾರರು ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತಾರೆ. ಅವುಗಳಲ್ಲಿ ಒಳ್ಳೆಯ ಎರಡನ್ನು ಕೂಡಿಸಿ ಬೋರ್ಡಿಗೆ ಬರೆಯುತ್ತಾರೆ. ಪ್ರತಿ ಬಣ್ಣದ ಮುಂದೆ ಎರಡು ಮನೆ, ಎರಡನ್ನೂ ತುಂಬಬೇಕು.

ಭಾವ ಮೊದಲ ಮನೆಯನ್ನು ಎಂಥ ಅಂಕದಿಂದ ತುಂಬುತ್ತಾರೆಂದರೆ ಉಳಿದ ಮೂವರ ಮುಖ ಇಂಗು ತಿಂದ ಮಂಗನಂತಾಗುತ್ತದೆ. ಆಮೇಲೆ ಅಲೆ ಒಡೆಯುವ ಜಾಗದ ಆಚೆ ಹೋಗಿ ದೋಣಿಯಲ್ಲಿ ಕೂರುತ್ತಾರೆ. ಅಲೆ ಬರುತ್ತದೆ, ಬಿಡುತ್ತಾರೆ. ಇನ್ನೊಂದು ಬರುತ್ತದೆ, ಅದನ್ನೂ ಬಿಡುತ್ತಾರೆ. ಮುಂದಿನದು ಇನ್ನೂ ಚೆನ್ನಾಗಿರುತ್ತದಂತೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದು ಭೋಂಗಾ ಕೂಗುತ್ತದೆ. ಸಣ್ಣಪುಟ್ಟ ಸುತ್ತುಗಳಲ್ಲಿ ಸಮುದ್ರ ಉದಾರಿಯಾಗಿದ್ದು ಹೇಗೋ ದಾಟಿಬಿಡುತ್ತಾರೆ. ಕೊನೆಯ ಸುತ್ತಿನಲ್ಲಿ ಮಾತ್ರ, ಇಪ್ಪತ್ತಾರು ವರ್ಷದಲ್ಲಿ ಒಂಬತ್ತು ಸಲ, ಒಂಬತ್ತು ಸಲವೂ ಎರಡನೇ ಮನೆ ಖಾಲಿ, ಒಂಬತ್ತು ಸಲವೂ ನಾಲ್ಕನೇ ಸ್ಥಾನ. ನಾನಂತೂ ಪ್ರತಿ ಸಲ ಹಲ್ಲು ಕಡಿದು ದೋಣಿಯ ತುದಿ ಎತ್ತಿಕೊಂಡೆ. ಅಕ್ಕ ಟವೆಲ್ ಕೊಟ್ಟಳು.

ಕಳೆದ ವರ್ಷ ಭಾವನ ಬಲಭುಜ ಕೈಕೊಟ್ಟಿತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ‘ಈ ಸೀಸನ್ ಮುಗಿಸಿ. ಆಮೇಲೆ ಹುಟ್ಟು ಮುಟ್ಟಬೇಡಿ’ ಎಂದರು. ಆ ಸೀಸನ್ನಿನಲ್ಲಿ ಉಳಿದಿದ್ದದ್ದು ಒಂದೇ ಪಂದ್ಯ. ಅದು ಐವತ್ತು ದಾಟಿದವರ ದೇಶದ ತಂಡವನ್ನು ಆರಿಸುವ ಪಂದ್ಯ. ಕೊನೆಯ ಸುತ್ತಿನ ನಾಲ್ವರಲ್ಲಿ ಮೊದಲ ಇಬ್ಬರು ವಿಶ್ವಕೂಟಕ್ಕೆ ಹೋಗುತ್ತಾರೆ. ಉಳಿದಿಬ್ಬರು ಮನೆಗೆ. ಭಾವನ ಮಟ್ಟಿಗೆ ಆ ಮನೆಗೆ ಹೋಗುವುದು ಶಾಶ್ವತ.

ಭಾವ ಅದರ ಕೊನೆಯ ಸುತ್ತಿಗೂ ಬಂದರು. ಅವತ್ತು ಬೆಳಿಗ್ಗೆ ನಾನು ದೋಣಿ ಕಟ್ಟಲು ಅವರ ಮನೆಗೆ ಹೋದಾಗ ಇಬ್ಬರೂ ಅಡುಗೆಮನೆಯಲ್ಲಿದ್ದರು. ಅಕ್ಕ ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದಳು. ತಿರುಗದೆಯೇ ಹೇಳಿದಳು.

‘ರೀ, ನಾನು ನಿಮ್ಮನ್ನ ಇಷ್ಟು ವರ್ಷ ಏನೂ ಕೇಳಿಲ್ಲ.’

‘ಪರದೆ ಕೇಳಿದ್ದೆ,’ ಎಂದರು ಭಾವ.

‘ತಮಾಷೆ ಬೇಡ. ಗೆದ್ದು ಬನ್ನಿ ಅಂತಿಲ್ಲ. ಎರಡು ಅಲೆ ಹಿಡೀರಿ, ಅಷ್ಟೆ. ಇಪ್ಪತ್ತಾರು ವರ್ಷ ಆ ಬೋರ್ಡಿನ ಮುಂದೆ ನಿಂತಿದ್ದೀನಿ. ಕೊನೇ ಸುತ್ತಲ್ಲಿ ನಿಮ್ಮ ಎರಡೂ ಮನೆ ತುಂಬಿದ್ದನ್ನ ಒಂದೇ ಒಂದು ಸಲ ನೋಡ್ಬೇಕು ನಂಗೆ. ಎಂಥ ದರಿದ್ರ ಅಲೆಯಾದ್ರೂ ಪರವಾಗಿಲ್ಲ.’

ಭಾವ ಚಹಾದ ಲೋಟ ಕೆಳಗಿಟ್ಟರು. ‘ಆಯ್ತು. ಹಿಡೀತೀನಿ,’ ಎಂದರು.

ನಾನು ನಂಬಲಿಲ್ಲ. ಕಿಟಕಿಯ ಪರದೆಯ ವಿಷಯದಲ್ಲೂ ‘ಆಯ್ತು’ ಎಂದಿದ್ದರು.

ದಡದಲ್ಲಿ ಶಾಮಿಯಾನದ ಕೆಳಗೆ ಐದು ಪ್ಲಾಸ್ಟಿಕ್ ಕುರ್ಚಿ, ಐವರು ತೀರ್ಪುಗಾರರು. ಅವರ ಮುಖ್ಯಸ್ಥರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಅರ್ಧ ಅಂಕವನ್ನೂ ಸುಮ್ಮನೆ ಬಿಟ್ಟುಕೊಡದ ಜಿಪುಣ. ಕೆಂಪು ಅಂಗಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು, ನೀಲಿಯಲ್ಲಿ ಒಬ್ಬ ಪ್ಲಂಬರ್, ಹಸಿರಿನಲ್ಲಿ ಒಬ್ಬ ಬೇಕರಿಯವನು, ಹಳದಿಯಲ್ಲಿ ನಮ್ಮ ಭಾವ. ನಾನು ಬೈನಾಕ್ಯುಲರ್ ಹಿಡಿದು ನಿಂತೆ. ಅಕ್ಕ ಬೋರ್ಡಿನ ಪಕ್ಕದಲ್ಲಿ ನಿಂತಳು.

ನಾಲ್ಕನೇ ನಿಮಿಷದಲ್ಲೇ ಭಾವ ಒಂದನ್ನು ಹಿಡಿದರು. ಅಲೆಯ ಮುಖದ ಮೇಲೆ ಓರೆಯಾಗಿ ಇಳಿದು, ಬುಡದಲ್ಲಿ ತಿರುಗಿ ಮತ್ತೆ ನೆತ್ತಿಗೆ ಏರಿ, ಅಲ್ಲಿಂದ ದೋಣಿಯ ಮೂತಿಯನ್ನು ಸರಕ್ಕನೆ ಹೊರಳಿಸಿ ಮತ್ತೆ ಕೆಳಗೆ. ಮೂರು ಸಲ ಹೀಗೆ. ಬಸ್ಸಿಗೆ ಸೀಟಿ ಊದುವ ಆ ದಪ್ಪ ಮನುಷ್ಯ ಇವರೇನಾ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಡ್ರಾಯಿಂಗ್ ಮೇಷ್ಟ್ರು ಕೂಡ ಕೈ ಬಿಚ್ಚಿದರು, ಎಂಟೂವರೆಗಿಂತ ಒಂದು ಚೂರು ಜಾಸ್ತಿ, ಎಂಟು ಪಾಯಿಂಟ್ ಆರು.

ಆಮೇಲೆ ಭಾವ ಆಚೆ ಹೋಗಿ ಕೂತರು.

ಹತ್ತು ನಿಮಿಷ ಕಳೆಯಿತು. ಹಲ್ಲಿನ ಡಾಕ್ಟರು ಎರಡು ಅಲೆಯಿಂದ ಹನ್ನೆರಡೂವರೆ ಮಾಡಿದರು. ಪ್ಲಂಬರ್ ಸಿಕ್ಕಿದ್ದಕ್ಕೆಲ್ಲ ಬಿದ್ದೆದ್ದು ಹತ್ತು ಪಾಯಿಂಟ್ ಒಂದು ಮಾಡಿದ. ಬೇಕರಿಯವನದು ಏಳು. ಭಾವನಿಗೆ ತಂಡಕ್ಕೆ ಬರಲು ಬೇಕಾಗಿದ್ದದ್ದು ಎರಡಕ್ಕಿಂತ ಕಡಿಮೆ. ನೆಟ್ಟಗೆ ಕೂತು ದಡದವರೆಗೆ ಬಂದರೆ ಸಾಕು, ಕೊಡುತ್ತಾರೆ. ನಾಲ್ಕು ಅಲೆ ಬಿಟ್ಟರು. ಐದನೆಯದನ್ನೂ ಬಿಟ್ಟರು. ನನ್ನ ರಕ್ತ ಕುದಿಯಿತು. ‘ಇವರಿಗೆ ಬುದ್ಧಿ ಇದೆಯಾ ಅಕ್ಕ?’ ಎಂದು ಕೂಗಿದೆ. ಅಕ್ಕ ಸ್ವೆಟರಿನ ತೋಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಲೌಡ್‌ಸ್ಪೀಕರಿನಲ್ಲಿ ಒಂದು ನಿಮಿಷ ಎಂದರು.

ಆಗ ಒಂದು ಅಲೆ ಬಂತು. ಅಲೆ ಎಂದು ಕರೆಯುವುದು ಮರ್ಯಾದೆಗೆ. ಮೊಣಕಾಲೆತ್ತರ, ನಡುವೆಯೇ ಕುಸಿದು ನೊರೆಯಾಗಿದೆ, ಕಸಕಡ್ಡಿ ಹೊತ್ತು ತರುತ್ತಿದೆ. ಅದರ ಹಿಂದೆ, ಬಹಳ ಆಚೆ, ಸಮುದ್ರದ ಮೇಲೆ ಒಂದು ಕಪ್ಪು ಗೆರೆ ಎದ್ದಿತು. ಬೈನಾಕ್ಯುಲರಿನಲ್ಲಿ ನನಗೆ ಸ್ಪಷ್ಟವಾಗಿ ಕಾಣಿಸಿತು. ಅಂಚಿನಿಂದ ಅಂಚಿಗೆ ಒಂದೇ ಸಮ, ಎಲ್ಲಿಯೂ ಮುರಿಯದೆ, ಮೇಲೆ ಮೇಲೆ ಏಳುತ್ತ ಬರುತ್ತಿತ್ತು. ಭಾವ ತಿರುಗಿ ಅದನ್ನೇ ನೋಡಿದರು. ಮುಗಿಯಿತು, ಇನ್ನು ಇವರು ಅಲ್ಲಾಡುವುದಿಲ್ಲ ಎಂದುಕೊಂಡೆ.

ಭಾವ ದಡದ ಕಡೆ ತಿರುಗಿ, ಎರಡು ಸಲ ಹುಟ್ಟು ಹಾಕಿ, ಆ ನೊರೆಯನ್ನು ಹಿಡಿದರು.

ತಿರುವಿಲ್ಲ, ಏರಿಲ್ಲ, ಇಳಿತವಿಲ್ಲ. ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಸೈಕಲ್ಲಿನಲ್ಲಿ ಬರುವವರ ಹಾಗೆ ಸೀದಾ ಬಂದು ಮರಳಿಗೆ ತಗುಲಿದರು. ಡ್ರಾಯಿಂಗ್ ಮೇಷ್ಟ್ರು ಮೂಗು ಮುರಿದು ಒಂದು ಪಾಯಿಂಟ್ ಎಂಟು ಕೊಟ್ಟರು. ಎರಡೂ ಕೂಡಿ ಹತ್ತು ಪಾಯಿಂಟ್ ನಾಲ್ಕು. ಎರಡನೇ ಸ್ಥಾನ, ತಂಡದಲ್ಲಿ ಜಾಗ. ಆ ಅಂಕವನ್ನು ಬೋರ್ಡಿಗೆ ಬರೆಯುವಾಗಲೇ ಆಚೆ ಆ ದೊಡ್ಡ ಅಲೆ ಒಡೆಯಿತು. ಗಾಜಿನಷ್ಟು ನುಣುಪು, ಉದ್ದಕ್ಕೂ ಒಂದೇ ವೇಗದಲ್ಲಿ ಸುರುಳಿ ಸುತ್ತುತ್ತ ಹೋಯಿತು. ಅದರ ಮೇಲೆ ಯಾರೂ ಇರಲಿಲ್ಲ. ಅದು ಪೂರ್ತಿ ಮುಗಿದ ಮೇಲೆ ಭೋಂಗಾ ಕೂಗಿತು. ಕಾದಿದ್ದರೆ ಅದು ಭಾವನದೇ, ಮೊದಲ ಸ್ಥಾನವೂ ಭಾವನದೇ.

ಅಕ್ಕ ನೀರಿಗೇ ಓಡಿ, ಚಪ್ಪಲಿ ಸಮೇತ ನಿಂತು, ‘ಎರಡೂ ತುಂಬ್ತು ಕಣ್ರೀ! ಎರಡೂ ತುಂಬ್ತು!’ ಎಂದು ಅಳುತ್ತ ನಗುತ್ತ ಅವರ ಹೆಲ್ಮೆಟ್ಟಿನ ಮೇಲೆ ಬಡಿದಳು. ಭಾವನೂ ನಕ್ಕರು. ಬೋರ್ಡನ್ನು ನೋಡಿಬರಲು ಅಕ್ಕ ಮತ್ತೆ ಓಡಿದಳು. ನಾವಿಬ್ಬರೂ ದೋಣಿಯ ತುದಿಗಳನ್ನು ಎತ್ತಿಕೊಂಡೆವು.

‘ಭಾವ, ಹಿಂದೆ ಬಂದಿದ್ದು...’

‘ನೋಡ್ದೆ.’

‘ಅಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿತ್ತಾ?’

‘ಅಂಥದ್ದು ಬರುತ್ತೆ ಅಂತ ಒಂಬತ್ತು ಸಲ ಕಾದಿದ್ದೀನಿ. ನನಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ?’ ದೋಣಿಯನ್ನು ಎಡ ಹೆಗಲಿಗೆ ಬದಲಿಸಿಕೊಂಡರು. ‘ಮಾತು ಕೊಟ್ಟಿದ್ದೆ ಕಣೋ. ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ. ತನ್ನಿಂದ ತಪ್ಪಿಹೋಯ್ತು ಅಂತ ಕೊರಗ್ತಾಳೆ.’

ಭಾವ ಬಟ್ಟೆ ಬದಲಿಸಲು ಹೋದರು. ನಾನು ಕಾರಿನ ಮೇಲೆ ದೋಣಿ ಕಟ್ಟುತ್ತಿದ್ದೆ. ಅಕ್ಕ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು.

‘ಹಿಂದೆ ಬಂದ ಅಲೆ ನೋಡಿದ್ಯಾ?’

‘ಯಾವ ಅಲೆ?’ ಎಂದೆ.

‘ನನ್ನ ಹತ್ರ ನಾಟಕ ಆಡ್ಬೇಡ. ನನಗೂ ಕಣ್ಣಿದೆ. ಇಪ್ಪತ್ತಾರು ವರ್ಷ ದಡದಲ್ಲಿ ನಿಂತವಳಿಗೆ ಅಲೆ ಯಾವುದು ಅಂತ ಗೊತ್ತಾಗಲ್ವಾ? ನಾನು ಬಾಯಿ ಮುಚ್ಕೊಂಡು ಚಹಾ ತುಂಬಿದ್ರೆ ಅದು ಅವರದ್ದಾಗ್ತಿತ್ತು.’ ಕಣ್ಣೊರೆಸಿಕೊಂಡು ಹಗ್ಗವನ್ನು ಬಿಗಿಯಾಗಿ ಎಳೆದಳು. ‘ನಾನು ನೋಡ್ದೆ ಅಂತ ಅವರಿಗೆ ಹೇಳ್ಬೇಡ ಕಣೋ. ಇಷ್ಟು ವರ್ಷಕ್ಕೆ ಒಂದು ಸಲ ನನಗೋಸ್ಕರ ಮಾಡಿದ್ದಾರೆ. ನಾನು ಖುಷಿಯಾಗಿದ್ದೀನಿ ಅಂತಾನೇ ಇರ್ಲಿ ಅವರಿಗೆ.’

‘ಖುಷಿ ಆಗಿಲ್ವಾ?’

‘ಆಗಿದೆ ಕಣೋ. ಅದೇ ಅಲ್ವಾ ಕಷ್ಟ.’

ವಿಶ್ವಕೂಟದಲ್ಲಿ ಭಾವ ಹನ್ನೊಂದನೆಯವರಾಗಿ ಬಂದರು. ಭುಜಕ್ಕೆ ಮೂಳೆ ಡಾಕ್ಟರು ಪಟ್ಟಿ ಕಟ್ಟಿ, ಹುಟ್ಟನ್ನು ಅಟ್ಟಕ್ಕೆ ಹಾಕಿಸಿದರು. ಈಗ ಅವರ ಮನೆಗೆ ಯಾರೇ ಊಟಕ್ಕೆ ಬರಲಿ, ಆ ಒಂದು ಪಾಯಿಂಟ್ ಎಂಟರ ಕತೆ ಆಗಲೇಬೇಕು. ಭಾವ ಕೈಯಾಡಿಸುತ್ತ ಶುರು ಮಾಡುತ್ತಾರೆ. ‘ಅದೊಂದನ್ನ ಬಿಟ್ರೆ ಹಿಂದೆ ಇನ್ನೇನೂ ಇರ್ಲಿಲ್ಲ’ ಎನ್ನುತ್ತಾರೆ. ಅಕ್ಕ ಬಡಿಸುತ್ತಲೇ, ‘ಹೌದು, ನಾನೂ ನೋಡ್ತಾನೇ ಇದ್ನಲ್ಲ, ಏನೇನೂ ಇರ್ಲಿಲ್ಲ’ ಎನ್ನುತ್ತಾಳೆ. ಆಮೇಲೆ ಇಬ್ಬರೂ ಸಾಕ್ಷಿಗೆಂದು ನನ್ನ ಮುಖ ನೋಡುತ್ತಾರೆ. ನಾನು ತಟ್ಟೆಯಿಂದ ತಲೆ ಎತ್ತುವುದಿಲ್ಲ.