ಪಾಲಿಗೆ ಬಾರದ ಗಾಳಿ

ಎಪ್ಪತ್ತರ ದಶಕದಲ್ಲಿ ಅಪ್ಪ ತೀರಿಕೊಂಡ ಮೇಲೆ, ಕುಣಿಗಲ್ ಕಡೆಯ ನಮ್ಮೂರಲ್ಲಿ ಮನೆ ಪಾಲಾಯಿತು. ಹೊಲ, ಎತ್ತು, ಹಂಡೆ, ಕೊನೆಗೆ ಒನಕೆಯನ್ನೂ ಪಂಚಾಯಿತಿದಾರರು ಲೆಕ್ಕ ಹಿಡಿದರು. ಗಾಳಿಯನ್ನು ಮಾತ್ರ ಹಿಡಿಯಲಿಲ್ಲ. ಎರಡು ಗುಡ್ಡಗಳ ಸಂದಿನಲ್ಲಿದ್ದ ಕಣ ದೊಡ್ಡಪ್ಪನಿಗೆ ಹೋಯಿತು. ನಮಗೆ ಗುಡ್ಡದ ಹಿಂದೆ, ಬಂಡೆಯ ಮರೆಯಲ್ಲಿದ್ದ ಕಣ. ಅಳತೆಯಲ್ಲಿ ಎರಡೂ ಸಮವಂತೆ! ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ.

ರಾಗಿ ಒಕ್ಕುವುದು ಚಳಿಗಾಲದಲ್ಲಿ, ಮೂಡಗಾಳಿ ಬೀಸುವಾಗ. ಸಂದಿನಲ್ಲಿ ಅದು ನುಗ್ಗಿ ಬರುತ್ತಿತ್ತು. ದೊಡ್ಡಪ್ಪ ಮೊರ ಎತ್ತಿದರೆ ಸಾಕು, ರಾಗಿ ಕಾಲ ಬಳಿ, ಹೊಟ್ಟು ಆಚೆ. ನಮ್ಮ ಕಣದಲ್ಲಿ ಅದೇ ಗಾಳಿ ಗುಡ್ಡ ಹತ್ತಿಳಿದು ಸುಳಿ ತಿರುಗುತ್ತಿತ್ತು. ಅಮ್ಮ ತೂರಿದ ಹೊಟ್ಟು ಪೂರಾ ವಾಪಸ್ ರಾಶಿಯ ಮೇಲೆ, ಅವಳ ಕಣ್ಣಿಗೆ. ಸಂಜೆ ಹೊತ್ತಿಗೆ ಕಣ್ಣು ಕೆಂಡವಾಗಿರುತ್ತಿತ್ತು. ಗಾಳಿ ಬಂದಾಗ ತೂರಿಕೋ ಎಂದು ಗಾದೆ ಹೇಳುವವರಿಗೇನು, ಗಾಳಿ ಬರುವ ಜಾಗ ಅವರದೇ ಆಗಿರುತ್ತದೆ.

ಅಮ್ಮ ಕೇಳಿದ್ದಾದರೂ ಏನು?

"ಭಾವ, ನಮ್ ಕಣದಾಗೆ ಗುಡ್ಡ ಗಾಳಿನ ತಿರುಗುಸ್ತೈತೆ. ನಿಮ್ ರಾಶಿ ಎತ್ತಿದ್ಮೇಲೆ ನಿಮ್ ಕಣದಾಗೆ ತೂರ್ಕಂತೀನಿ."

"ಗಾಳಿಲೂ ಪಾಲು ಕೇಳ್ತಾಳೆ ಕಣ್ರಪ್ಪ!" ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದವರ ಕಡೆ ತಿರುಗಿ ನಕ್ಕ. "ಗುಬ್ಬಿ ಕಡೆಯೋಳಲ್ವಾ ನೀನು? ತವರಿಂದ ಒಂದ್ ಮೂಟೆ ಗಾಳಿ ತರುಸ್ಕೊ ಹೋಗವ್ವ."

ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರತಿ ಸುಗ್ಗಿಯಲ್ಲೂ ಅಮ್ಮ ಕೇಳಿದಳು, ಪ್ರತಿ ಸುಗ್ಗಿಯಲ್ಲೂ ಅದೇ ನಗು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ನಾನು ತುಮಕೂರಿನಲ್ಲಿ ಕಾಲೇಜು ಸೇರಿದೆ. ಬಟವಾಡಿಯ ಚಿಕ್ಕಮ್ಮನ ಮನೆಯಲ್ಲಿ ವಾಸ. ಒಂದು ದಿನ ಭೂಗೋಳದ ಮೇಷ್ಟ್ರು ಮಂಗಳ ಗ್ರಹದ ವಿಷಯ ತೆಗೆದರು. ಅಲ್ಲಿ ಮಳೆಯಿಲ್ಲ, ಮರವಿಲ್ಲ, ಬರೀ ಕಲ್ಲು ಧೂಳು. ಆದರೂ ಬೆಟ್ಟ ಕಣಿವೆಗಳು ಗಾಳಿಯ ದಾರಿ ತಿರುಗಿಸುತ್ತವೆ, ದಿಬ್ಬದ ಹಿಂದೆ ಸುಳಿ ಎದ್ದು ಧೂಳು ಗೆರೆಗೆರೆಯಾಗಿ ಕೂರುತ್ತದೆ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಎಲ್ಲರೂ ಬರೆದುಕೊಂಡರು. ಒಬ್ಬರೂ ನಗಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆ ಸುಗ್ಗಿಗೆ ಊರಿಗೆ ಹೋದವಳು ಸೀದಾ ದೊಡ್ಡಪ್ಪನ ಜಗಲಿ ಹತ್ತಿದೆ. ಮಂಗಳ ಗ್ರಹ, ದಿಬ್ಬ, ಸುಳಿ, ನಮ್ಮ ಗುಡ್ಡ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ದೊಡ್ಡಪ್ಪ ಗಂಭೀರವಾಗಿ ತಲೆದೂಗಿದ.

"ಓದಿರೋ ಮಗ, ಸುಮ್ನೆ ಹೇಳ್ತದಾ? ಗುಡ್ಡ ಗಾಳಿನ ತಿರುಗುಸ್ತೈತಂತೆ ಕಣ್ರಪ್ಪ. ಆಯ್ತು ಬುಡವ್ವ, ನಾಳೆಯಿಂದ ನಮ್ ಕಣದಾಗೇ ತೂರ್ಕೊಳ್ರಿ."

ಗೆದ್ದೆನೆಂದು ಓಡಿ ಬಂದೆ. ಅಮ್ಮ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಅವನು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಬಟ್ಟೆ ತೆಗೆದು ನನ್ನ ಮುಖ ನೋಡಿದಳು.

"ನಾನ್ ಹೇಳಿದ್ದೂ ಇದ್ನೇ ಅಲ್ವೇನೇ?"

ಅಮ್ಮ ಎದ್ದು, ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡಳು.

"ಜಾಗ ಕೊಟ್ಟಿರಾದು ನಿಂಗೆ. ನೀನೇ ಹೋಗಿ ತೂರು" ಎಂದು ಮೊರವನ್ನು ನನ್ನ ಕೈಗಿಟ್ಟಳು. ಇನ್ನೊಂದು ಮೊರ ಎತ್ತಿಕೊಂಡು, ಗುಡ್ಡದ ಹಿಂದಿನ ಕಣಕ್ಕೆ ತಾನೊಬ್ಬಳೇ ಹೊರಟುಹೋದಳು.