ಫಿರಂಗಿಗೆ ಯಾರ ಅಪ್ಪಣೆ

ಜಯಲಕ್ಷ್ಮಿಪುರಂನ ನಮ್ಮ ಮನೆಯ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಯುದ್ಧ ನಡೆಯುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರದು ಒಂದು ಪಕ್ಷ. ಲಷ್ಕರ್ ಮೊಹಲ್ಲಾದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಅವರ ಗೆಳೆಯರೊಬ್ಬರದು ಇನ್ನೊಂದು. ದೊಡ್ಡ ಮೇಜಿಗೆ ಹಸಿರು ಬಟ್ಟೆ ಹಾಸಿ, ಅದರಡಿಗೆ ಪುಸ್ತಕಗಳನ್ನಿಟ್ಟು ಗುಡ್ಡ ಮಾಡಿ, ನೀಲಿ ಕಾಗದದ ಹೊಳೆ ಹರಿಸಿ, ಅದಕ್ಕೊಂದು ಸೇತುವೆ, ದಡದಲ್ಲೊಂದು ಹಳ್ಳಿ ಇಟ್ಟು, ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ತವರದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಆ ಸಿಪಾಯಿಗಳ ಮೀಸೆ, ರುಮಾಲು, ಕುದುರೆಯ ಜೀನು ಎಲ್ಲಕ್ಕೂ ಬಣ್ಣ ಹಚ್ಚಿದವರು ಆ ಗೆಳೆಯರೇ. ದಾಳ ಉರುಳಿಸಿ, ಟೇಪು ಹಿಡಿದು ಅಳೆದು, ಇಂಗ್ಲಿಷಿನ ನಿಯಮದ ಪುಸ್ತಕ ನೋಡಿಕೊಂಡು ಆಡುವ ಆಟ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಇವರ ಗದ್ದಲಕ್ಕೆ ಒಗ್ಗಿಹೋಗಿದ್ದೆ.

ಒಂದು ಭಾನುವಾರ ಗದ್ದಲ ಜಗಳಕ್ಕೆ ತಿರುಗಿತು. ಗೆಳೆಯರ ಫಿರಂಗಿಗಳು ಗುಡ್ಡದ ಮೇಲಿದ್ದವು, ಅವರ ಸೇನಾಪತಿ ಮಾತ್ರ ದೂರದ ಹೊಳೆಯ ಹತ್ತಿರ. ಆಟದ ನಿಯಮದಂತೆ ಸೇನಾಪತಿಯಿಂದ ಒಂದು ಮೊಳದೊಳಗಿರುವ ತುಕಡಿ ಹೇಳಿದ್ದನ್ನು ತಕ್ಷಣ ಮಾಡುತ್ತದೆ. ಅದಕ್ಕಿಂತ ದೂರವಿದ್ದರೆ ದಾಳ ಹಾಕಬೇಕು, ನಾಲ್ಕು ಅಥವಾ ಹೆಚ್ಚು ಬಿದ್ದರೆ ಮಾತ್ರ ಆಜ್ಞೆ ತಲುಪಿದಂತೆ. ಯಜಮಾನರ ಕುದುರೆ ದಂಡು ಗುಡ್ಡಕ್ಕೆ ನುಗ್ಗುತ್ತಿತ್ತು.

"ನನ್ನ ಫಿರಂಗಿ ಹೊಡೆಯುತ್ತೆ," ಎಂದರು ಗೆಳೆಯರು.

"ದಾಳ ಹಾಕಿ ಮೊದಲು. ಆಜ್ಞೆ ಇಲ್ದೆ ಎಂಥ ಫಿರಂಗಿ?"

"ಕುದುರೆ ಮೈಮೇಲೆ ಬತ್ತಾ ಇದ್ರೆ ಆಜ್ಞೆಗೆ ಕಾಯ್ತಾರಾ ಸ್ವಾಮಿ? ಹೆಂಗಿದ್ರೂ ಹೋದ್ವಾರ ನೀವೂ ಕೇಳ್ದೆ ಹೊಡೆದ್ರಲ್ಲ."

ಹೋದ ವಾರದ್ದು ಬೇರೆ, ಈ ವಾರದ್ದು ಬೇರೆ ಎಂದು ಯಜಮಾನರು ವಾದಿಸಿದರು. ಗೆಳೆಯರು ತಮ್ಮ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಸ್ವೀಟ್ ಬಾಕ್ಸುಗಳಲ್ಲಿ ಮಲಗಿಸಿ, ಸ್ಕೂಟರ್ ಹತ್ತಿ ಹೊರಟುಹೋದರು.

ಅವರು ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಯಜಮಾನರು ಭಾನುವಾರ ಟಿ.ವಿ. ಹಾಕಿಕೊಂಡು ಅದನ್ನೂ ನೋಡದೆ ಕೂತಿರುತ್ತಿದ್ದರು. ಫೋನ್ ಮಾಡಿ ಎಂದರೆ, "ಬರೋರು ಬರ್ತಾರೆ ಬಿಡು," ಎನ್ನುತ್ತಿದ್ದರು. ಮನೆಯ ಆ ಮೌನ ನನಗೆ ಗದ್ದಲಕ್ಕಿಂತ ಕಷ್ಟವಾಯಿತು.

ಕೊನೆಗೆ ನಾನೇ ನಿಯಮದ ಪುಸ್ತಕ ಹಿಡಿದು ಕೂತೆ. ವ್ಯಾಕರಣ ಓದಿದವಳಿಗೆ ಇಂಥ ಪುಸ್ತಕ ಹೊಸದೇನಲ್ಲ. ಸಾಮಾನ್ಯ ವಿಧಿ ಯಾವುದು, ಅಪವಾದ ಯಾವುದು, ಯಾವ ಪದ ಯಾವ ಪದಕ್ಕೆ ಅಂಟಿಕೊಂಡಿದೆ ಎಂದು ನೋಡಿದರಾಯಿತು. ಸೇನಾಪತಿಯ ಅಧ್ಯಾಯದಲ್ಲಿ ಆಜ್ಞೆ ಬೇಕು ಎಂದಿರುವುದು ಸಾಗಲು, ತಿರುಗಲು, ಮೇಲೆ ಬೀಳಲು. ಗುಂಡು ಹಾರಿಸುವ ಮಾತೇ ಅಲ್ಲಿಲ್ಲ. ಫಿರಂಗಿಯ ಅಧ್ಯಾಯದಲ್ಲಿ ಫಿರಂಗಿ ಎಲ್ಲರಿಗಿಂತ ಹತ್ತಿರದ ಶತ್ರುವಿನ ಮೇಲೆ ಗುಂಡು ಹಾರಿಸುತ್ತದೆ ಎಂದಿದೆ. ಅಲ್ಲಿ ಆಜ್ಞೆಯ ಮಾತಿಲ್ಲ. ಹತ್ತಿರದವನನ್ನು ಬಿಟ್ಟು ದೂರದವನಿಗೆ ಹೊಡೆಯಬೇಕಾದರೆ? ಅದರ ಬಗ್ಗೆ ಪುಸ್ತಕ ಬಾಯಿಬಿಟ್ಟಿರಲಿಲ್ಲ. ಇಬ್ಬರೂ ಜಗಳವಾಡಿದ್ದು ಈ ಎರಡು ಅಧ್ಯಾಯಗಳ ನಡುವಿನ ಸಂದಿಯೊಳಗೆ ಸಿಕ್ಕಿಕೊಂಡೇ.

ಮರುದಿನ ಕಾಲೇಜು ಮುಗಿಸಿ ನೇರ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಗೆಳೆಯರು ಕೌಂಟರಿನ ಹಿಂದೆ ಒಂದು ಫ್ರೇಮಿಗೆ ಸ್ಕ್ರೂ ಬಿಗಿಯುತ್ತಿದ್ದರು.

"ಬನ್ನಿ ಮೇಡಂ. ಕನ್ನಡಕ ಸಡಿಲ ಆಯ್ತಾ?"

"ಕನ್ನಡಕ ಚೆನ್ನಾಗಿದೆ. ಒಂದು ಪ್ರಶ್ನೆ ಕೇಳೋಕೆ ಬಂದೆ. ನಿಮ್ಮ ಫಿರಂಗಿಯವರ ಮೇಲೆ ಕುದುರೆ ನುಗ್ಗಿದ್ರೆ ಅವರು ಸೇನಾಪತೀನ ಕೇಳ್ತಾರಾ?"

"ಯಾಕ್ ಕೇಳ್ತಾರೆ? ಹೊಡೀತಾರೆ."

"ಸರಿ. ಆ ಕುದುರೆ ಬಿಟ್ಟು ದೂರದ ಸೇತುವೆಗೆ ಹೊಡೀಬೇಕು ಅಂದ್ರೆ?"

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅದನ್ನ ಯಾರಾದ್ರೂ ಹೇಳ್ಬೇಕಾಗುತ್ತೆ ಮೇಡಂ. ಎದುರಿಗಿರೋನ್ನ ಬಿಟ್ಟು ತಾವಾಗೇ ದೂರಕ್ಕೆ ಹೊಡೆಯಲ್ಲ."

"ಹಂಗಾದ್ರೆ ನಿಯಮ ಅದೇ. ಹತ್ತಿರದವನಿಗೆ ಹೊಡೆಯೋಕೆ ಅಪ್ಪಣೆ ಬೇಡ. ಗುರಿ ಬದಲಾಯಿಸೋಕೆ, ಫಿರಂಗಿ ತಿರುಗಿಸೋಕೆ ಬೇಕು. ಆವತ್ತು ನೀವು ಹೇಳಿದ್ದೇ ಸರಿ."

ಅವರ ಮುಖ ಅರಳಿತು. "ಇದನ್ನ ಅವರು ಒಪ್ತಾರಾ?"

"ನಾನು ಒಪ್ಪಿಸ್ತೀನಿ. ನೀವು ಭಾನುವಾರ ಬನ್ನಿ."

ಯಜಮಾನರು ಪುಸ್ತಕದ ಎರಡು ಪುಟಗಳನ್ನೂ ಮೂರು ಸಲ ಓದಿಸಿಕೊಂಡು, ಕೊನೆಗೆ, "ನಾನು ಹೇಳ್ತಿದ್ದಿದ್ದೂ ಅರ್ಧ ಇದೇ ಕಣೇ," ಎಂದರು. ಅಷ್ಟು ಸಾಕಿತ್ತು.

ಭಾನುವಾರ ಗೆಳೆಯರು ಸ್ವೀಟ್ ಬಾಕ್ಸುಗಳ ಸಮೇತ ಬಂದರು. ಸಿಪಾಯಿಗಳನ್ನೆಲ್ಲ ನಿಲ್ಲಿಸಿಯಾದ ಮೇಲೆ ಕುರ್ಚಿ ಬಿಟ್ಟು ಎದ್ದರು. "ಮೇಡಂ, ನಿಯಮ ಬಿಡಿಸಿದ್ದು ನೀವು. ಇವತ್ತು ನನ್ನ ಸೇನೆಗೆ ನೀವೇ ಸೇನಾಪತಿ."

ನಾನು ಬೇಡವೆನ್ನಲಿಲ್ಲ.

ಹೊಸ ನಿಯಮದಲ್ಲೇ ತೂತು ಹುಡುಕಿ ಯಜಮಾನರು ಆಟ ಹೂಡಿದರು. ಕೆಲವೇ ಕಾಲಾಳುಗಳನ್ನು ನನ್ನ ಗುಡ್ಡದ ಹತ್ತಿರ ಸುಳಿದಾಡಿಸಿದರು. ಹತ್ತಿರದವರು ಅವರೇ, ಹಾಗಾಗಿ ನನ್ನ ಫಿರಂಗಿಗಳೆಲ್ಲ ಅವರ ಮೇಲೇ ಗುಂಡು ಸುರಿದು ವ್ಯರ್ಥವಾಗಲಿ ಎಂಬ ಲೆಕ್ಕ. ಅಷ್ಟರಲ್ಲಿ ಅವರ ದೊಡ್ಡ ದಂಡು ಸೇತುವೆ ಹತ್ತಿತು. ನನ್ನ ಸೇನಾಪತಿ ಸೇತುವೆಯ ಈಚೆ ದಡದಲ್ಲಿ, ಕುದುರೆ ದಂಡಿನ ಜೊತೆಗಿದ್ದ. ನಾನು ಅವನನ್ನು ಅಲ್ಲಿಂದ ಎಬ್ಬಿಸಿ ಗುಡ್ಡದ ಬುಡಕ್ಕೆ ತಂದೆ.

"ಮೇಡಂ, ಸೇತುವೆ ಕಡೆ ಇರೋ ನಮ್ಮ ಕುದುರೆಗೆ ಹೇಳೋರು ಯಾರೂ ಇಲ್ಲ," ಎಂದು ಗೆಳೆಯರು ಹಿಂದಿನಿಂದ ಪಿಸುಗುಟ್ಟಿದರು.

"ಗೊತ್ತು."

ಈಗ ಫಿರಂಗಿಗಳು ಸೇನಾಪತಿಯ ಒಂದು ಮೊಳದೊಳಗಿದ್ದವು. ದಾಳದ ಹಂಗಿಲ್ಲ. "ಗುರಿ ಬದಲು. ಸೇತುವೆ ಮೇಲೆ," ಎಂದೆ.

ಯಜಮಾನರು ತಡೆದರು. "ಮಧ್ಯೆ ನಿನ್ನ ಸಿಪಾಯಿಗಳೇ ನಿಂತಿದ್ದಾರಲ್ಲ. ಅವರ ಬೆನ್ನಿಗೆ ಹೊಡೀತೀಯಾ?"

"ಫಿರಂಗಿ ಗುಡ್ಡದ ಮೇಲಿದೆ, ಅವರು ಕೆಳಗಿದ್ದಾರೆ. ತಲೆ ಮೇಲಿಂದ ಹೋಗುತ್ತೆ. ಬಗ್ಗಿ ನೋಡಿ."

ಗೆಳೆಯರು ಫಿರಂಗಿಯ ಬಾಯಿಂದ ಸೇತುವೆಗೆ ದಾರ ಎಳೆದು ಹಿಡಿದರು. ಯಜಮಾನರು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ದಾರ ಯಾವ ರುಮಾಲಿಗೂ ತಾಕಿರಲಿಲ್ಲ.

"ಹೌದು, ಕಾಣುತ್ತೆ," ಎಂದು ತಾವೇ ಒಪ್ಪಿ ಎದ್ದರು. "ಹೊಡಿ."

ಹೊಡೆದೆ. ಇಕ್ಕಟ್ಟಿನ ಸೇತುವೆಯಲ್ಲಿ ಒತ್ತಿಕೊಂಡು ನಿಂತಿದ್ದ ದಂಡು ಚದುರಿತು. ಮುಂದಿನ ಸರದಿಯಲ್ಲಿ ನನ್ನ ಸೇನಾಪತಿಯನ್ನು ಮತ್ತೆ ಹೊಳೆಯತ್ತ ಓಡಿಸಿ, ಕುದುರೆ ದಂಡಿಗೆ ಮುನ್ನುಗ್ಗಲು ಹೇಳಿದೆ. ಅವು ಸೇತುವೆ ದಾಟಿ ಆಚೆ ದಡದ ಹಳ್ಳಿಯನ್ನೂ ಹಿಡಿದವು. ಯಜಮಾನರು ಮೇಜನ್ನು ಒಂದು ಸುತ್ತು ಹಾಕಿ, ತಮ್ಮ ಸೇನಾಪತಿಯನ್ನು ಮೆಲ್ಲಗೆ ಮಲಗಿಸಿ ನನ್ನ ಕೈ ಕುಲುಕಿದರು. ಮದುವೆಯಾದಾಗಿನಿಂದ ಅವರು ನನ್ನ ಕೈ ಕುಲುಕಿದ್ದು ಅದೇ ಮೊದಲು. ಗೆಳೆಯರಂತೂ ಸಂಜೆ ಅಂಗಡಿ ತೆರೆಯುವುದನ್ನೂ ಮರೆತು, ದಾರ ಹಿಡಿದುಕೊಂಡೇ ಆ ಗುಂಡಿನ ಕಥೆಯನ್ನು ಮೊದಲಿಂದ ಹೇಳತೊಡಗಿದರು.

ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡಿ ಸಹೋದ್ಯೋಗಿಯೊಬ್ಬರು ಏನು ವಿಶೇಷ ಎಂದು ಕೇಳಿದರು. ನಿನ್ನೆ ಒಂದು ಯುದ್ಧ ಗೆದ್ದೆ ಎಂದೆ. ಅವರು ನಕ್ಕರು. ನಾನು ಚಾಕ್‌ಪೀಸ್ ತೆಗೆದುಕೊಂಡು ಮೇಜಿನ ಮೇಲೆ ಹೊಳೆ, ಗುಡ್ಡ, ಸೇತುವೆ ಬರೆದು ಎಲ್ಲವನ್ನೂ ವಿವರಿಸಿದೆ. ಗಂಟೆ ಹೊಡೆದರೂ ಇಬ್ಬರೂ ಕ್ಲಾಸಿಗೆ ಏಳಲಿಲ್ಲ.